ಬೀಗರ ಬಾಯಿಗೆ ಇಟ್ಟ ಉಂಡಿ

ಎಂಬತ್ತರ ದಶಕದ ಮಾತು. ಗಂಗಾವತಿಯ ನಮ್ಮ ಶಾಲೆಯಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಪಡೆದ ಏಕೈಕ ಮಾಸ್ತರ ನಾನೇ! ಎದುರಿಗೆ ಯಾರಾದರೂ ಸೀನಿದರೂ ತೋಳೇರಿಸಿಕೊಂಡು ಏಳುತ್ತಿದ್ದೆ.

ತಂಗಿ ಗಿರಿಜಾಳನ್ನು ನೋಡಲು ಕುಷ್ಟಗಿಯಿಂದ ವರನ ಕಡೆಯವರು ಬಂದರು. ಊಟಕ್ಕೆ ಕುಳಿತಾಗ ಉಪಚಾರದ ಹೊಣೆ ನನ್ನದು. "ಸಾಕು" ಎನ್ನಲು ಬೀಗರು ಬಾಯಿ ತೆರೆದರೆ, ಅದನ್ನೇ ಒಪ್ಪಿಗೆ ಎಂದು ತಿಳಿಯುವ ಸೀಮೆ ನಮ್ಮದು.

"ಸಾಕ್ರೀ ಮಾಸ್ತರ, ಹೊಟ್ಟಿ ತುಂಬೈತಿ," ಎಂದು ವರನ ತಂದೆ ನಕ್ಕರು. ನಾನು ಆ ತೆರೆದ ಬಾಯಿಗೆ ಇಡೀ ಶೇಂಗಾ ಉಂಡಿಯನ್ನು ತುರುಕಿದೆ.

ನಗು ನಿಂತಿತು. ಕೆಮ್ಮಿಲ್ಲ, ಮಾತಿಲ್ಲ. ಎರಡೂ ಕೈ ಗಂಟಲಿಗೆ ಹೋದವು.

"ಅಯ್ಯ ನಮ್ಮವ್ವ! ಇವರಿಗೆ ಉಸುರ ಆಡವಲ್ದು!" ಬೀಗತಿ ಚೀರಿದರು.

"ಗಾಬರಿ ಆಗಬ್ಯಾಡ್ರಿ. ನಾ ತರಬೇತಿ ತೊಗೊಂಡೀನಿ," ಎಂದೆ. ನೆತ್ತಿ ತಟ್ಟಿದೆ. ನೀರು ಕುಡಿಸಹೋದೆ, ಅದು ಅವರ ಅಂಗಿಗಿಳಿಯಿತು. ತಾಟಿನ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದೆ. ಉಸಿರೇ ಎಳೆಯಲಾಗದವರು ಮೂಸುವುದೆಲ್ಲಿಂದ? ಅವರ ತುಟಿ ನೀಲಿಯಾಯಿತು. ಮದುವೆ ಮುರಿದರೆ ಮುರಿಯಲಿ, ಮನುಷ್ಯ ಉಳಿಯಲಿ ಎಂದು ಹುಲಿಗೆಮ್ಮನಿಗೆ ಹರಕೆ ಹೊತ್ತು, ಅವರನ್ನು ಅಂಗಾತ ಮಲಗಿಸತೊಡಗಿದೆ. ಅದು ಹೊಳೆಯಲ್ಲಿ ಮುಳುಗಿದವರಿಗೆ ಮಾಡುವ ಚಿಕಿತ್ಸೆ!

"ಮಲಗಸಬ್ಯಾಡ್ರಿ! ಮುಂದಕ ಬಗ್ಗಿಸಿ ಬೆನ್ನಿಗೆ ಗುದ್ರಿ!" ಅಡುಗೆಮನೆಯ ಬಾಗಿಲಿನಿಂದ ನನ್ನ ಹೆಂಡತಿ ಕೂಗಿದಳು. ತರಬೇತಿಯಿಂದ ಬಂದು ಆ ಪಾಠವನ್ನು ಅವಳ ತಲೆ ಚಿಟ್ಟು ಹಿಡಿಯುವಷ್ಟು ಹೇಳಿದವನು ನಾನೇ.

ಕೈ ಎತ್ತಿದೆ. ಆದರೆ ಬೀಗರಿಗೆ ಗುದ್ದುವುದೇ? ಮರ್ಯಾದೆ ಅಡ್ಡ ಬಂತು. "ತಪ್ಪ ತಿಳೀಬ್ಯಾಡ್ರಿ ಯಜಮಾನರ..." ಎನ್ನುತ್ತ, ಕೂಸಿಗೆ ತೇಗು ಬರಿಸುವಂತೆ ಮೆಲ್ಲಗೆ ತಟ್ಟಿದೆ.

"ಸರೀರಿ ಅತ್ಲಾಗ!" ಬೀಗತಿ ನನ್ನನ್ನು ನೂಕಿ, ಗಂಡನನ್ನು ಬಗ್ಗಿಸಿ, ಎರಡು ಹೆಗಲೆಲುಬಿನ ನಡುವೆ ಅಂಗೈಯಿಂದ ಬಲವಾಗಿ ಗುದ್ದಿದರು. ಮತ್ತೆ ಗುದ್ದಿದರು. ಉಂಡಿಯ ತುಂಡು ಹಾರಿ ನನ್ನ ಅಂಗಿಗೆ ಬಡಿಯಿತು. ಬೀಗರು ದೀರ್ಘವಾಗಿ ಉಸಿರೆಳೆದು ಕೆಮ್ಮಿದರು. ನಾನು ಅಲ್ಲೇ ಕುಸಿದು ಅತ್ತುಬಿಟ್ಟೆ.

ಸುಧಾರಿಸಿಕೊಂಡ ಬೀಗರು ಮುಖ ಒರೆಸಿಕೊಂಡು ಹೇಳಿದರು: "ಹುಡುಗಿ ನಮಗ ಪಸಂದ ಅದಾಳ. ಆದ್ರ ಒಂದ ಶರತ್ತು ಐತ್ರಿ."

"ಏನಿದ್ರೂ ಹೇಳ್ರಿ," ಎಂದು ಕೈಮುಗಿದೆ.

"ಮದುವ್ಯಾಗ ನೀವು ಬಡಸಾಕ ಬರಬಾರ್ದು."

ಒಪ್ಪಿದೆ. ಆದರೂ ಮದುವೆಯ ದಿನ ನಾನು ಬರಿಗೈಯಲ್ಲಿ ಊಟದ ಸಾಲಿನ ಹತ್ತಿರ ಸುಳಿದರೆ ಸಾಕು, ಕುಷ್ಟಗಿಯವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು!