ಮೂರು ಬೀಗದ ಬಂದೋಬಸ್ತು

ಭಾಷ್ಯಂ ಬಾವಿಯಿಂದ ಸೇದುತ್ತಿದ್ದ ಬಿಂದಿಗೆ ಇನ್ನೂ ಅರ್ಧದಲ್ಲಿತ್ತು. ಬೇಲಿಯಾಚೆಯಿಂದ ಸಂಘದಲ್ಲಿ ತೂಕ ಹಾಕುವ ಮರಿಯಣ್ಣ ಕೂಗಿದ: "ಸ್ವಾಮೀ, ಬಂದೋಬಸ್ತು ನೋಡಾಕೆ ಆಫೀಸರು ಇವತ್ತೇ ಬತ್ತಾರಂತೆ! ಹನ್ನೊಂದು ಗಂಟೆ ಹಾಸನದ ಬಸ್ಸಿಗೆ!"

ಹಗ್ಗ ಕೈಜಾರಿತು. ಬಿಂದಿಗೆ ತಳ ಸೇರಿತು.

"ಅದು ನಮ್ಮ ತೌರಿನ ಬಿಂದಿಗೆ," ಎಂದಳು ಹೆಂಡತಿ ಕೋಮಲವಲ್ಲಿ, ಒಳಗಿನಿಂದಲೇ. ಮಗಳು ಯದುಗಿರಿಗೆ ಜಡೆ ಹಾಕುತ್ತಿದ್ದವಳಿಗೆ ಸದ್ದಿನಲ್ಲೇ ಗೊತ್ತಾಗಿತ್ತು.

"ಬಂದು ತೆಗೀತೀನಿ ಕಣೇ. ಇವತ್ತು ಆಫೀಸರು ಒಪ್ಪಿದ್ರೆ ನನ್ನ ಕೆಲಸ ಖಾಯಂ!"

ಭಾಷ್ಯಂ ಅರಸೀಕೆರೆಯ ಕೊಬ್ಬರಿ ಸಂಘದಲ್ಲಿ ಹಂಗಾಮಿ ಗುಮಾಸ್ತ. ಹೋದ ವರ್ಷ ಗೋಡೌನಿನಲ್ಲಿ ಕಳುವಾದ ಮೇಲೆ ಹೊಸ ಬಂದೋಬಸ್ತಿನ ಹೊಣೆ ಅವನ ತಲೆಗೆ ಬಂದಿತ್ತು. ಕಳ್ಳನನ್ನು ತಡೆಯಬೇಕಾದರೆ ಕಳ್ಳನಂತೆಯೇ ಯೋಚಿಸಬೇಕೆಂದು ಟೇಪು ಹಿಡಿದು ಗೋಡೌನು ಸುತ್ತಿದ. ಕಿಟಕಿಗೆ ಕಂಬಿ ಹಾಕಿಸಿದ. ಕಾಂಪೌಂಡ್ ಗೋಡೆಯ ಮೇಲೆ ಗಾಜಿನ ಚೂರು ನೆಡಿಸಿದ. ಪರೀಕ್ಷೆಗೆಂದು ತಾನೇ ಹತ್ತಿ, ಅರ್ಧ ಪಂಚೆಯನ್ನು ಗೋಡೆಗೆ ಬಿಟ್ಟು ಇನ್ನರ್ಧದಲ್ಲಿ ಮನೆಗೆ ಬಂದ. ಕೊನೆಗೆ ಬಾಗಿಲಿಗೆ ಮೂರು ಬೀಗ. ಒಂದು ಬೀಗದ ಕೈ ಕಾರ್ಯದರ್ಶಿ ಜಯದೇವಪ್ಪನವರಲ್ಲಿ, ಒಂದು ಮರಿಯಣ್ಣನಲ್ಲಿ, ಒಂದು ತನ್ನಲ್ಲಿ. ಮೂವರೂ ಸೇರದೆ ಬಾಗಿಲು ಅಲುಗುವಂತಿರಲಿಲ್ಲ.

"ಕೋಮಲಾ, ಗೂಟದಲ್ಲಿದ್ದ ಬೀಗದ ಕೈ ಎಲ್ಲೇ?"

"ಮನೇಲಿಟ್ಕೊಳ್ಳೋಕೆ ಭಯ ಆಯ್ತು ಕಣ್ರೀ. ಗಿಡ್ಡಮ್ಮನ ಹತ್ರ ಕೊಟ್ಟಿದ್ದೀನಿ."

ಗಿಡ್ಡಮ್ಮ ಬೀದಿ ತುದಿಯ ಹೂವಿನವಳು. ಯಾರು ಎಲ್ಲಿಗೆ ಹೊರಟರೂ ಮನೆಯ ಬೀಗದ ಕೈಯನ್ನು ಅವಳ ಬುಟ್ಟಿಗೆ ಹಾಕಿ ಹೋಗುವುದು ಆ ಬೀದಿಯ ರೂಢಿ.

ಮರಿಯಣ್ಣ ತಲೆ ಕೆರೆದುಕೊಂಡ. "ನಂದೂ ಅಲ್ಲೇ ಐತೆ ಸ್ವಾಮಿ. ನಮ್ಮನೇಲಿ ಮಕ್ಕಳು ಕೈಗೆ ಸಿಕ್ಕಿದ್ದೆಲ್ಲ ಬಾವಿಗೆ ಹಾಕ್ತವೆ."

ಭಾಷ್ಯಂ ಜಯದೇವಪ್ಪನವರ ಮನೆಗೆ ಓಡಿದ. ಹಿಂದೆ ಮರಿಯಣ್ಣ; ಅವನ ಹಿಂದೆ ಒಂದೇ ಜಡೆ ಮುಗಿದಿದ್ದ ಯದುಗಿರಿ.

"ನನ್ನದಾ?" ಜಯದೇವಪ್ಪ ಕಾಫಿ ಲೋಟ ಇಳಿಸಿದರು. "ಗೆಂಡೆಹಳ್ಳಿಗೆ ಮದುವೆಗೆ ಹೋಗ್ಬೇಕಿತ್ತು ಕಣ್ರೀ. ಗಿಡ್ಡಮ್ಮನಿಗೆ ಕೊಟ್ಟೆ."

"ಮೂರೂ ಒಬ್ಬರ ಹತ್ರ ಇರಬಾರದು ಅಂತಲೇ ಮೂರು ಬೀಗ ಮಾಡಿಸಿದ್ದು ಸಾರ್!"

"ಒಬ್ಬರ ಹತ್ರ ಎಲ್ಲಿದೆ? ಗಿಡ್ಡಮ್ಮನ ಹತ್ರ ತಾನೆ ಇರೋದು?"

ಗಿಡ್ಡಮ್ಮ ಕಾಲ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಹಾರ ಕಟ್ಟುತ್ತಿದ್ದಳು. "ಈಗ್ತಾನೆ ಒಬ್ರು ಕೋಟು ಹಾಕ್ಕೊಂಡೋರು ಬಂದಿದ್ರು. ಗೋಡೌನು ಎಲ್ಲೈತೆ, ಯಾರು ತೆಗೀತಾರೆ ಅಂತ ಕೇಳಿದ್ರು. ಮಾತು ಬೆಣ್ಣೆ ಇದ್ದಂಗೆ. ಪಾಪ, ನಿಮಗ್ಯಾಕೆ ಓಡಾಟ ಅಂತ ಮೂರೂ ಅವರ ಕೈಗೇ ಕೊಟ್ಟು ಕಳಿಸ್ದೆ."

"ಆಫೀಸರೇ ಕಣ್ರೀ!" ಜಯದೇವಪ್ಪ ಹೆಗಲ ಮೇಲಿನ ಟವೆಲ್ಲನ್ನೇ ರುಮಾಲು ಸುತ್ತಿಕೊಂಡರು. "ರೈಲಿಗೇ ಬಂದ್ಬಿಟ್ಟಿರಬೇಕು!"

ಭಾಷ್ಯಂ ಗಿಡ್ಡಮ್ಮನ ಕೈಯಲ್ಲಿದ್ದ ಹಾರವನ್ನು ದಾರದ ಸಮೇತ ಕಿತ್ತುಕೊಂಡ.

"ಅಪ್ಪಾ, ಒಂದು ಕೇಳ್ಲಾ?"

"ಆಮೇಲೆ ಪುಟ್ಟೀ!"

ಗೋಡೌನಿನ ಬಾಗಿಲು ಹಾರು ಹೊಡೆದಿತ್ತು. ಎದುರಿಗೆ ಒಂದು ಜಟಕಾ. ಒಳಗೆ ಮೂಟೆ ಎಳೆಯುತ್ತಿದ್ದ ಕೋಟಿನ ಮನುಷ್ಯ ಇವರನ್ನು ಕಂಡು ಬೆಚ್ಚಿ, ಮೂಟೆಯನ್ನು ತನ್ನ ಕಾಲಿನ ಮೇಲೆಯೇ ಕೆಡವಿಕೊಂಡ. ಅವನು ಬಾಯಿ ತೆರೆಯುವ ಮೊದಲೇ ಕೊರಳಿಗೆ ಹಾರ ಬಿತ್ತು.

"ಕ್ಷಮಿಸಬೇಕು ಸಾರ್. ತಾವು ಬರೋ ಹೊತ್ತಿಗೆ ನಾವಿರಬೇಕಿತ್ತು."

ಆತ ಹಾರವನ್ನೊಮ್ಮೆ, ಮೂವರನ್ನೊಮ್ಮೆ ನೋಡಿದ. "ಪರವಾಗಿಲ್ಲ. ನೀವು ಇಲ್ಲದೇ ಇದ್ದದ್ದೇ ಅನುಕೂಲ ಆಯ್ತು."

"ಬಂದೋಬಸ್ತು ಹೇಗಿದೆ ಸಾರ್?"

"ಎಷ್ಟೋ ಊರಿನ ಗೋಡೌನು ನೋಡಿದ್ದೀನಿ. ಇಷ್ಟು ಹಿಡಿಸಿದ್ದು ಇದೊಂದೇ."

ಭಾಷ್ಯಂನ ಕಣ್ಣು ತುಂಬಿತು. "ಹಾಗಾದ್ರೆ ನನ್ನ ಕೆಲಸ..."

"ನಿಮ್ಮಂಥೋರು ಇಲ್ಲಿ ಖಾಯಮ್ಮಾಗಿ ಇರಲೇಬೇಕು," ಎಂದು ಆತ ಮನಸಾರೆ ಹೇಳಿದ. "ಈ ನಾಲ್ಕು ಮೂಟೆ ಮಾದರಿಗೆ ಬೇಕಿತ್ತು."

"ಅಪ್ಪಾ, ಒಂದು..."

"ಶ್! ದೊಡ್ಡೋರು ಮಾತಾಡ್ತಿದ್ದಾರೆ."

ಒಳ್ಳೆಯ ಉಂಡೆ ಕೊಬ್ಬರಿಯ ಮೂಟೆಗಳನ್ನು ಭಾಷ್ಯಂ ತಾನೇ ಆರಿಸಿದ. ಮರಿಯಣ್ಣ ಹೊತ್ತ. ಜಯದೇವಪ್ಪ ಕುದುರೆ ಹಿಡಿದು ನಿಂತರು. ಆತ ಮೂರೂ ಬೀಗದ ಕೈಗಳನ್ನು ಭಾಷ್ಯಂನ ಅಂಗೈಯಲ್ಲಿಟ್ಟು, "ಜೋಪಾನ, ಕಾಲ ಸರಿಯಿಲ್ಲ," ಎಂದು ಜಟಕಾ ಹತ್ತಿದ.

ಜಟಕಾ ತಿರುವಿನಲ್ಲಿ ಮರೆಯಾಗುವವರೆಗೂ ಮೂವರೂ ಕೈ ಮುಗಿದೇ ಇದ್ದರು. ಆಮೇಲೆ ಭಾಷ್ಯಂ ಒಂದೊಂದಾಗಿ ಮೂರೂ ಬೀಗ ಹಾಕಿ, ಒಂದೊಂದನ್ನೂ ಜಗ್ಗಿ ನೋಡಿದ. ಮಗಳನ್ನೆತ್ತಿ ಹೆಗಲ ಮೇಲೆ ಕೂರಿಸಿಕೊಂಡು, ಬಿಚ್ಚಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದ.

"ಈಗ ಕೇಳಮ್ಮ. ಏನು ಬೇಕು? ಮಿಠಾಯಿನಾ?"

ಯದುಗಿರಿ ಕತ್ತು ಎತ್ತರಿಸಿ ಪೇಟೆಯ ಕಡೆ ನೋಡುತ್ತಿದ್ದಳು. ಅತ್ತ ಹಾಸನದ ಬಸ್ಸು ಉದ್ದಕ್ಕೆ ಹಾರನ್ ಬಾರಿಸಿಕೊಂಡು ಬಂದು ನಿಂತಿತು.

"ಆಫೀಸರು ಬರೋ ಬಸ್ಸು ಈಗ ತಾನೆ ಬಂತಲ್ಲ ಅಪ್ಪಾ. ಹಾಗಾದ್ರೆ ನೀನು ಹಾರ ಹಾಕಿದ್ದು ಯಾರಿಗೆ?"