ಜುಗೂಳಕ್ಕೊಂದು ವಸ್ತಿ ಬಸ್ಸು

ಎಲ್ಲಕ್ಕೂ ಮೂಲ ಒಂದು ಕಪ್ ಚಹಾ. ಕುಡಿದವರು ಬೆಂಗಳೂರಿನಲ್ಲಿದ್ದರು. ಬಾಯಿ ಸುಟ್ಟುಕೊಂಡವನು ಮಾತ್ರ ಕೃಷ್ಣಾ ದಂಡೆಯ ಜುಗೂಳದ ಜಿನ್ನಪ್ಪ.

ಅಂದಿನ ಪೇಪರಿನಲ್ಲಿ ಫೋಟೋ ಬಂದಿತ್ತು. ಸಾರಿಗೆ ಮಂತ್ರಿಗಳ ಪಕ್ಕ ಕೂತು, ಬಸಿಯಲ್ಲಿ ಚಹಾ ಸುರುವಿಕೊಂಡು ನಗುತ್ತಿದ್ದವರು ಜುಗೂಳದವರು ಆರಿಸಿ ಕಳಿಸಿದ ಶಾಸಕರು, ಊರವರ ಬಾಯಲ್ಲಿ ಆಮದಾರರು, ಧರೆಪ್ಪ ಸಾಹೇಬರು. ಮಂತ್ರಿಗಳದು ಆಳುವ ಪಕ್ಷ, ಧರೆಪ್ಪನವರದು ವಿರೋಧ ಪಕ್ಷ. ಜಿನ್ನಪ್ಪ ಈ ವಿರೋಧ ಪಕ್ಷದ ಕಾರ್ಯಕರ್ತ. ಅಂದರೆ ಚುನಾವಣೆಯಲ್ಲಿ ಗೋಡೆಗೆ ಸುಣ್ಣ ಬಳಿಯುವವನು, ಉಳಿದ ಐದು ವರ್ಷ ಮುಖಕ್ಕೆ ಬಳಿಸಿಕೊಳ್ಳುವವನು.

"ಏ ಜಿನ್ನಪ್ಪಾ, ನಿಮ್ದು ವಿರೋಧ ಪಕ್ಷನೋ, ಪಿತೃಪಕ್ಷನೋ? ಬರೇ ಉಣ್ಣೂದು, ಕುಡ್ಯೂದ ಕಾಣಾಕತ್ತೈತಿ!" ಎಂದ ಆಳುವ ಪಕ್ಷದ ಲಗಮಣ್ಣ, ಹೋಟೆಲಿನ ಬೆಂಚಿನಿಂದ.

ಹೋಟೆಲಿಗೆ ಹೋಟೆಲೇ ನಕ್ಕಿತು. ಜಿನ್ನಪ್ಪನಿಗೆ ಹೆಚ್ಚು ನೋವಾದದ್ದು ಸ್ವಂತ ಪಕ್ಷದ ಮುರಗೆಪ್ಪನೂ ನಕ್ಕದ್ದಕ್ಕೆ. ಈತ ಸೊಸೈಟಿಯ ಸೆಕ್ರೆಟರಿ. ಊರಿನ ಒಂದೇ ಒಂದು ಫೋನು ಇವನ ವಶದಲ್ಲಿತ್ತು.

"ಲಗಮಣ್ಣ ಅಂದಿದ್ದರಾಗ ತಪ್ಪೇನೈತ್ಯೋ? ನಮ್ಮ ಸಾಹೇಬ್ರು ವಿಧಾನಸಭಾದಾಗ ಮದವಿಗೆ ಬಂದ ಬೀಗರಂಗ ಕುಂದರ್ತಾರ. ಮೇಜ ಗುದ್ದಬೇಕು, ಮೈಕ ಕೀಳಬೇಕು!"

"ಜಗಳಾ ಮಾಡಿದ್ರ ಕೆಲ್ಸ ಆಗತಾವೇನೋ, ಮುರಗ್ಯಾ?"

"ಮಾಡಲಾರದ ಯಾವ್ದು ಆಗೇತಿ ಹೇಳು. ನಿನ್ನ ವಸ್ತಿ ಬಸ್ ಬಂತೇನು?"

ಈ ಮಾತು ಮುಳ್ಳಿನಂತೆ ನಟ್ಟಿತು. ಜಿನ್ನಪ್ಪನ ಮಗಳು ಸುಗಂಧಾ ಹತ್ತನೆಯದು ಪಾಸಾಗಿದ್ದಳು. ಕಾಲೇಜು ಇದ್ದದ್ದು ಅಥಣಿಯಲ್ಲಿ. ಜುಗೂಳಕ್ಕೆ ಮೊದಲ ಬಸ್ಸು ಬರುವ ಹೊತ್ತಿಗೆ ಕಾಲೇಜಿನವರು ಬುತ್ತಿ ಬಿಚ್ಚಿರುತ್ತಿದ್ದರು. ರಾತ್ರಿ ಊರಲ್ಲೇ ಮಲಗಿ ನಸುಕಿನಲ್ಲಿ ಹೊರಡುವ ವಸ್ತಿ ಬಸ್ಸೊಂದು ಬಂದರೆ ಹುಡುಗಿ ಕಲಿಯುತ್ತಾಳೆ. ಇಲ್ಲದಿದ್ದರೆ ಅವಳಜ್ಜಿ ಶೇಡಬಾಳದಲ್ಲಿ ಒಂದು ವರ ನೋಡಿಟ್ಟಿದ್ದಳು. ಬಸ್ಸು ಬರಬೇಕು, ಇಲ್ಲವೆ ಬೀಗರು ಬರುತ್ತಾರೆ.

"ನಾ ಹೇಳಿದ್ರ ಸಾಹೇಬ್ರು ಕೇಳ್ತಾರೇನೋ?" ಎಂದ ಜಿನ್ನಪ್ಪ ಸಣ್ಣ ದನಿಯಲ್ಲಿ.

"ನೀ ಹೇಳಿದ್ರ ಕೇಳೂದಿಲ್ಲ. ತುಕಾರಾಮರಾವ ಹೇಳಿದ್ರ ಕೇಳ್ತಾರ!" ಎಂದು ಮುರಗೆಪ್ಪ ಕಣ್ಣು ಮಿಟುಕಿಸಿದ.

ತುಕಾರಾಮರಾವ ಅಂದರೆ ಪಕ್ಷದ ಜಿಲ್ಲಾ ಅಧ್ಯಕ್ಷರು. ಮೊದಲು ಕೆಮ್ಮು, ಆಮೇಲೆ 'ಅರೇ ಬಾಬಾ', ಕೊನೆಗೆ ಮರಾಠಿಯಲ್ಲಿ 'ತಿಳಿಯಿತೇ' ಎನ್ನುವ 'ಸಮಜಲಂ ಕಾ?' ಇಷ್ಟರಲ್ಲಿ ಅವರ ಭಾಷಣ ಮುಗಿಯುತ್ತಿತ್ತು. ಊರ ಸಣ್ಣಾಟಗಳಲ್ಲಿ ಸೂತ್ರಧಾರನಾಗುತ್ತಿದ್ದ ಜಿನ್ನಪ್ಪ ಅವರ ದನಿ ತೆಗೆದರೆ, ಅವರ ಮನೆಯ ನಾಯಿಯೂ ಬಾಲ ಅಲ್ಲಾಡಿಸಬೇಕು, ಹಾಗೆ.

ಮುರಗೆಪ್ಪ ಸೊಸೈಟಿಗೆ ಕರೆದೊಯ್ದು ಫೋನಿನ ಬೀಗ ತೆಗೆದ. ಬೆಂಗಳೂರಿಗೆ ಟ್ರಂಕ್ ಕಾಲ್ ಸಿಗಲು ದಿನವೆಲ್ಲ ಕಾಯಬೇಕಾದ ಕಾಲ. ಅಂದು ಕೆಟ್ಟದ್ದಾಗಲೆಂದೇ ಇರಬೇಕು, ಬೇಗ ಸಿಕ್ಕಿತು.

ಜಿನ್ನಪ್ಪ ಕೆಮ್ಮಿದ. "ಅರೇ ಬಾಬಾ ಧರೆಪ್ಪಾ! ನಿನ್ನ ಚಹಾ ಕುಡ್ಯಾಕ ಆರಿಸಿ ಕಳ್ಸೀವೇನು? ಇವತ್ತ ಸಭಾದಾಗ ಮೈಕ ಕಿತ್ತ ಒಗೀ. ಸಮಜಲಂ ಕಾ?"

"ಆತ್ರಿ ರಾವಸಾಹೇಬ್ರ," ಎಂದಿತು ಆ ಕಡೆಯ ಮೆತ್ತನೆಯ ದನಿ. "ಆದ್ರ ಇವತ್ತ ಮಧ್ಯಾಹ್ನ…"

"ಆದ್ರ-ಗೀದ್ರ ನಡ್ಯೂದಿಲ್ಲ!" ಜಿನ್ನಪ್ಪ ಫೋನಿಟ್ಟ. ಮುರಗೆಪ್ಪ ಅವನ ಬೆನ್ನು ಎಷ್ಟು ಚಪ್ಪರಿಸಿದನೆಂದರೆ ಕೆಮ್ಮು ನಿಜವಾಗಿಯೇ ಬಂತು.

ಗೆದ್ದ ಹುಂಜದಂತೆ ಮನೆಗೆ ಬಂದರೆ ಹೆಂಡತಿ ಕಮಲಾಬಾಯಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ಸುಗಂಧಾ ಹೊಸ ಚೀಲಕ್ಕೆ ಗುಂಡಿ ಹಚ್ಚುತ್ತಿದ್ದಳು.

"ಇದೇನಬೇ, ಇವತ್ತ್ಯಾವ ಹಬ್ಬ?"

"ಬಾಯಿ ಬಿಡಬ್ಯಾಡ್ರಿ, ದೃಷ್ಟಿ ಆಗತೈತಿ. ಆಮದಾರ್ ಸಾಹೇಬ್ರ ಅಕ್ಕ ಅಕ್ಕುತಾಯಿ ಬಂದಿದ್ಲು. ಸಾಹೇಬ್ರು ಮಂತ್ರಿ ಕೂಡ ಚಹಾ ಕುಡ್ಯೂ ಮುಂದ ಮಾತಾಡಿ ವಸ್ತಿ ಬಸ್ ಪಕ್ಕಾ ಮಾಡ್ಯಾರಂತ. ಇವತ್ತ ಮಧ್ಯಾಹ್ನ ಮಂತ್ರಿ ಎದ್ದ ನಿಂತು ಜುಗೂಳದ ಹೆಸರ ಹೇಳ್ತಾರಂತ!"

ಜಿನ್ನಪ್ಪ ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿದ.

"ಅಪ್ಪಾ, ನಾಳಿಂದನ ಬಸ್ ಬರತೈತೇನು?" ಎಂದಳು ಸುಗಂಧಾ. ಅಪ್ಪ ಆಗಲೇ ಅಂಗಳ ದಾಟಿದ್ದ.

ಸೊಸೈಟಿಗೆ ಬೀಗ. ಮುರಗೆಪ್ಪ ಕೀಲಿ ಕಿಸೆಯಲ್ಲಿಟ್ಟುಕೊಂಡು ಪರ ಊರಿಗೆ ಹೋಗಿದ್ದ. ಉಳಿದದ್ದು ಉಗಾರದ ಪೋಸ್ಟಾಫೀಸಿನ ಫೋನು. ಜಿನ್ನಪ್ಪ ಸೈಕಲ್ ಹತ್ತಿದ. ದಾರಿ ತುಂಬ ಫ್ಯಾಕ್ಟರಿಗೆ ಹೊರಟ ಕಬ್ಬಿನ ಗಾಡಿಗಳು, ಮದುವೆ ಮೆರವಣಿಗೆಯಷ್ಟು ಸಾವಕಾಶವಾಗಿ. ಚೈನು ಎರಡು ಸಲ ಕಳಚಿತು, ಧೋತರ ಒಂದು ಸಲ.

ಪೋಸ್ಟಿನಲ್ಲಿ ಅವನ ಅವಸ್ಥೆ ಕಂಡು ಮನಿಆರ್ಡರಿನ ಸಾಲೇ ಸುತ್ತುವರಿಯಿತು. "ಯಾರ್ ಹೋದ್ರ್ಯೋ?" ಎಂದನೊಬ್ಬ. "ಅರ್ಜಂಟ್ ಕಾಲ್ ಹಾಕ್ರಿ," ಎಂದ ಇನ್ನೊಬ್ಬ. "ಅರ್ಜಂಟ್ ಯಾಕ್ರಿ, ಲೈಟ್ನಿಂಗ್ ಹಾಕ್ರಿ, ಸಿಡ್ಲಿನಂಗ ಹೋಗತೈತಿ!"

ಸಿಡಿಲು ಬೆಂಗಳೂರು ಮುಟ್ಟುವಾಗ ಹೊತ್ತು ಇಳಿದಿತ್ತು. ಜಿನ್ನಪ್ಪ ಗೋಡೆಯ ಕಡೆ ತಿರುಗಿ ಕೆಮ್ಮಿದ.

"ಅರೇ ಬಾಬಾ ಧರೆಪ್ಪಾ! ಮೈಕ ಕೀಳಬ್ಯಾಡೋ. ಚಹಾ ಕುಡಿ. ಬೇಕಾದಷ್ಟ ಕುಡಿ. ಸಮಜಲಂ ಕಾ?"

ಆ ಕಡೆಯಿಂದ ಕೆಮ್ಮು ಬಂತು. ಅದೇ ಕೆಮ್ಮು.

"ಅರೇ ಬಾಬಾ, ತುಕಾರಾಮರಾವ ನಾ ಇಲ್ಲೇ ಧರೆಪ್ಪನ ರೂಮಿನ್ಯಾಗ ಕುಂತೇನಿ. ನೀ ಯಾವ ತುಕಾರಾಮರಾವೋ?"

"ಜು… ಜುಗೂಳ ಜಿನ್ನಪ್ಪರಿ," ಎಂದ. "ತಪ್ಪಾತ್ರಿ ರಾವಸಾಹೇಬ್ರ."

"ಮುಂಜಾನೆ ಮಾಡಿದಾವನೂ ನೀನನು? ಶಾಬಾಸ್ ಮರ್ದಾ! ಮಂತ್ರಿ ಬಾಯಿ ತಗ್ಯೂದ್ರಾಗ ಧರೆಪ್ಪ ಹೋಗಿ ಅವ್ರ ಮುಂದಿನ ಮೈಕ ಕಿತ್ತ ಒಗದ. ಅಧಿವೇಶನ ಮುಗ್ಯೂತನಕ ಅವನ್ನ ಹೊರಗ ಹಾಕ್ಯಾರ. ಪೇಪರಿನವ್ರು ಬಾಗಲ್ದಾಗ ನಿಂತಾರ. ಫೋನ್ ಮಾಡಿದಾಂವ ನಾನ ಅಂತ ಹೇಳೇನಿ, ನೀ ಎಲ್ಲೂ ಬಾಯಿ ಬಿಡಬ್ಯಾಡ."

"ಮಂತ್ರಿ ಜುಗೂಳದ್ದು ಏನರ ಹೇಳಿದ್ರೇನ್ರಿ?"

"ಏನ್ ಹೇಳ್ತಾರ, ಮೈಕ ಎಲ್ಲೈತಿ? ಸಿಟ್ಟಿಗೆದ್ದು ಜುಗೂಳದ ವಸ್ತಿ ಬಸ್ ರದ್ದ ಮಾಡಿ ಹೋದ್ರು. ನಾವೇನ್ ಬಿಡತೇವನು? ಇನ್ನಷ್ಟ ಜೋರ ಹೋರಾಟ! ಜುಗೂಳಕ್ಕ ವಸ್ತಿ ಬಸ್ ಬೇಕಂತ ನಾಳೆ ಮುಂಜಾನೆ ಅಥಣಿ ಡಿಪೋ ಮುಂದ ಧರಣಿ. ಮುಂದಾಳು ನೀನ. ಡಿಪೋದಿಂದ ಗಾಡಿ ಹೊರಬೀಳೂದರೊಳಗ ಮುಟ್ಟಬೇಕು. ನಸುಕಿನ್ಯಾಗ ಎದ್ದು ಫಸ್ಟ್ ಬಸ್ಸಿಗೆ ಬಂದಬಿಡು. ಸಮಜಲಂ ಕಾ?"

ಜಿನ್ನಪ್ಪ ಕೆಮ್ಮಲಿಲ್ಲ. ಆ ದಿನ ಫೋನಿನಲ್ಲಿ ಮೊದಲ ಬಾರಿಗೆ ತನ್ನ ಸ್ವಂತ ದನಿಯಲ್ಲಿ, ಮೆತ್ತಗೆ ಕೇಳಿದ:

"ಯಾವ ಬಸ್ಸಿಗ್ರಿ?"