ಸೋದರಮಾವನ ಮೊಣಕಾಲು

ಕುಪ್ಪುಸ್ವಾಮಿ ಕೂತಲ್ಲಿಂದ ಎದ್ದರೆ ಬಲ ಮೊಣಕಾಲು ಹಳೇ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಮಗ್ಗ ತುಳಿದು ತುಳಿದು ಸವೆದ ಕಾಲು. ಅದನ್ನಾದರೂ ಸಹಿಸಿಕೊಂಡಿದ್ದ, ಸಹಿಸಲಾಗದ್ದು ಚಿಕ್ಕಪ್ಪನ ಮಗ ಗೋವಿಂದನ್‌ನನ್ನು. ನಾಡಿದ್ದು ತಂಗಿ ಈಶ್ವರಿಯ ಮಗಳ ಮದುವೆ. ಮದುಮಗಳನ್ನು ಮಂಟಪಕ್ಕೆ ಎತ್ತಿಕೊಂಡು ಹೋಗಬೇಕಾದವನು ಸೋದರಮಾವ. 'ಪಾಪ, ಅಣ್ಣನ ಕೈಲಿ ಆಗಾಕಿಲ್ಲ' ಎಂದು ಗೋವಿಂದನ್ ತಾನೇ ಎತ್ತಲು ಆಗಲೇ ಹೊಸ ಪಂಚೆ ಕೊಂಡಿದ್ದ.

"ಮಾಮಾ, ಸೇಲಂ ಆಸ್ಪತ್ರೆನಾಗೆ ಶಾಕ್‌ವೇವ್ ಅಂತ ಮೆಷಿನ್ ಐತೆ. ತಟತಟಾ ಅಂತ ಒಡೀತಾರೆ, ನೋವು ಓಡೋಯ್ತದೆ," ಎಂದ ಪಕ್ಕದ ಮನೆ ಸೆಲ್ವಂ.

"ಮೂಳೇನೇ ಪುಡಿಯಾದ್ರೆ?" ಎಂದಳು ಎದುರುಮನೆ ಮುತ್ತಮ್ಮ.

ಸೇಲಂ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕುಪ್ಪುಸ್ವಾಮಿಯ ತಲೆಯಲ್ಲಿ ಮುತ್ತಮ್ಮನ ಮಾತೇ. ಹೊಸ ಬಣ್ಣ ಬಂದರೆ ಇಡೀ ಲಡಿಯನ್ನು ಅದ್ದುವುದುಂಟೇ? ಮೊದಲು ಒಂದೆಳೆ ನೂಲು ಅದ್ದಿ ನೋಡುವುದು ನೇಕಾರನ ಬುದ್ಧಿ. ಆಸ್ಪತ್ರೆಯಲ್ಲಿ ಥೆರಪಿಸ್ಟ್ ಯಾವ ಕಾಲೆಂದು ಕೇಳಿದಾಗ ಅವನು ಗಟ್ಟಿಮುಟ್ಟಾದ ಎಡಗಾಲನ್ನೇ ಚಾಚಿದ.

ಥೆರಪಿಸ್ಟ್ ಜೆಲ್ ಬಳಿದು ಪಿಸ್ತೂಲಿನಂಥದ್ದೊಂದನ್ನು ಒತ್ತಿದ. ಮರಕುಟಿಗ ಮೊಣಕಾಲಲ್ಲಿ ಗೂಡು ಕೊರೆದಂತಾಯಿತು. ಕುಪ್ಪುಸ್ವಾಮಿ ಹಲ್ಲು ಕಚ್ಚಿದ. ಮೂಳೆ ಪುಡಿಯಾಗಲಿಲ್ಲ.

"ಸರಿ ಸಾರ್, ಈಗ ಇದುಕ್ಕೆ ಒಡೀರಿ. ನೋವಿರೋದು ಇದು," ಎಂದು ಬಲಗಾಲನ್ನು ಮುಂದಿಟ್ಟ.

"ಏನಯ್ಯಾ ಇದು! ಹಾಗಾದ್ರೆ ಅದು?"

"ಅದು ಸ್ಯಾಂಪಲ್."

ಥೆರಪಿಸ್ಟ್ ತಲೆಯ ಮೇಲೆ ಕೈಹೊತ್ತ. ಹೊರಗೆ ಸಾಲು ಕಾಯುತ್ತಿತ್ತು. ಬಲಗಾಲಿಗೆ ಮುಂದಿನ ವಾರ ಬರಬೇಕು, ಎಡಗಾಲು ಎರಡು ದಿನ ನೋಯುತ್ತದೆ, ಭಾರ ಎತ್ತಬಾರದು ಎಂದು ಹೇಳಿ ಕಳಿಸಿದ.

ಊರಲ್ಲಿ ಬಸ್ಸಿಳಿಯುವ ಹೊತ್ತಿಗೆ ಎಡಗಾಲೂ ಬಲಗಾಲಿನಷ್ಟೇ ನೋಯುತ್ತಿತ್ತು. ಯಾವ ಕಾಲಿಗೆ ಕುಂಟಬೇಕೆಂದು ತಿಳಿಯದೆ, ವರ್ಷಗಳ ಮೇಲೆ ಮೊದಲ ಸಲ, ಕುಪ್ಪುಸ್ವಾಮಿ ನೆಟ್ಟಗೆ ನಡೆದ.

"ಏಯ್, ನೋಡ್ರಲಾ! ಮಾಮಾ ಮದುವೆ ಕುದುರೆ ಅಂಗೆ ಬತ್ತಾವ್ರೆ!" ಸೆಲ್ವಂ ಬೀದಿಗೆಲ್ಲ ಕೇಳುವಂತೆ ಕೂಗಿದ.

"ನಾನು ಆವಾಗ್ಲೇ ಏಳ್ಲಿಲ್ವಾ, ಓಗು ಅಂತ!" ಎಂದು ಮುತ್ತಮ್ಮ ನೆಟಿಕೆ ಮುರಿದು ದೃಷ್ಟಿ ತೆಗೆದಳು.

ನಿಜ ಹೇಳಲು ಕುಪ್ಪುಸ್ವಾಮಿ ಬಾಯಿ ತೆರೆದ. ಅಷ್ಟರಲ್ಲಿ ಜಗುಲಿಯ ಮೇಲೆ ಗೋವಿಂದನ್‌ನ ಮುಖ ಹಳಸಿದ ಸಾಂಬಾರಿನಂತಾದದ್ದು ಕಂಡಿತು. ಅಂಥ ಔಷಧಿ ಯಾವ ಮೆಷಿನ್ನಲ್ಲೂ ಇಲ್ಲ. ಬಾಯಿ ಮುಚ್ಚಿಕೊಂಡ.

ಈಶ್ವರಿ ಕಣ್ಣೊರೆಸಿಕೊಳ್ಳುತ್ತ ಓಡಿಬಂದಳು. "ಅಣ್ಣಾ! ನಿನ್ ಕಾಲು ನೋಡ್ಕೊಂಡು ಛತ್ರದಾಗೆ ಕೆಳಗಿನ್ ಚಿಕ್ಕ ಹಾಲ್ ಗೊತ್ತು ಮಾಡಿದ್ದೆ. ಈಗ್ತಾನೆ ಪೋನ್ ಮಾಡಿ ಮ್ಯಾಲಿನ್ ಮಾಳಿಗೆ ದೊಡ್ಡ ಹಾಲಿಗೇ ಮಾತಾಡ್ಬುಟ್ಟೆ."

"ಲಿಫ್ಟ್... ಐತಾ?" ಎಂದ ಕುಪ್ಪುಸ್ವಾಮಿ.

"ನೀನಿರೋವಾಗ ಲಿಫ್ಟ್ ಯಾತಕ್ಕಣ್ಣಾ?"